ಅಕ್ಕನ ಮದುವೆ ಕ್ಯಾಸೆಟ್ಟಿನ ಕವರು

ಜೇವರ್ಗಿಯ ನನ್ನ ಮನೆಗೆ ಬಂದವರು ಮೊದಲು ನೋಡುವುದು ಪಡಸಾಲೆಯ ಗೋಡೆಯನ್ನು. ಅಲ್ಲಿ ಹಳೆಯ ವಿಡಿಯೋ ಕ್ಯಾಸೆಟ್ಟುಗಳ ಕವರುಗಳಿಗೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದೇನೆ. ಒಂದರಲ್ಲಿ ಹಣೆಯಿಂದ ರಕ್ತ ಸುರಿಸುವ ಮೀಸೆಯ ನಾಯಕ, ಹಿಂದೆ ಉರಿಯುವ ಜೀಪು. ಇನ್ನೊಂದರಲ್ಲಿ ಬಾಯಿ ತೆರೆದ ಹುಲಿ. ಆ ಸಿನಿಮಾದಲ್ಲಿ ಹುಲಿ ಬರುವುದೇ ಇಲ್ಲ. ಗೊತ್ತಿದ್ದೂ ಹುಡುಗನಾಗಿದ್ದಾಗ ಪ್ರತಿ ಸಲ ಕೊನೆಯವರೆಗೆ ಕಾದು ಕೂತಿರುತ್ತಿದ್ದೆ. ನಡುವೆ, ಎಲ್ಲಕ್ಕಿಂತ ದೊಡ್ಡ ಕಟ್ಟಿನಲ್ಲಿ, ಅಕ್ಕನ ಮದುವೆ ಕ್ಯಾಸೆಟ್ಟಿನ ಕವರಿದೆ. ಈಗೀಗ ಅದಕ್ಕೆ ಬೆನ್ನು ಮಾಡಿ ಊಟಕ್ಕೆ ಕೂರುತ್ತೇನೆ.

ನಾವು ಬೆಳೆದದ್ದು ಮಾದನಹಿಪ್ಪರಗಾದಲ್ಲಿ. ಮನೆಯಲ್ಲಿ ಟಿವಿ ಇತ್ತು, ಕ್ಯಾಸೆಟ್ಟು ಓಡಿಸುವ ಯಂತ್ರ ಇರಲಿಲ್ಲ. ಅದನ್ನು ಆಳಂದದಿಂದ ಬಾಡಿಗೆಗೆ ತರಬೇಕು, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು. ಕ್ಯಾಸೆಟ್ಟುಗಳಿಗೇನೂ ಕೊರತೆಯಿರಲಿಲ್ಲ, ಖಜೂರಿಯ ಕಡೆ ಲಾರಿ ಓಡಿಸುತ್ತಿದ್ದ ಸೋದರಮಾವ ಸೊಲ್ಲಾಪುರದಿಂದ ಹಳೆಯವನ್ನು ತಂದು ಹಾಕುತ್ತಿದ್ದ. ಹೀಗಾಗಿ ಸಿನಿಮಾ ನೋಡುವುದು ವರ್ಷಕ್ಕೊಮ್ಮೆ, ಕವರು ನೋಡುವುದು ದಿನಾಲೂ. ಬೇಸಿಗೆ ರಜೆಯಲ್ಲಿ ಅವನ್ನೆಲ್ಲ ಕಟ್ಟೆಯ ಮೇಲೆ ಹರವಿ ಕೂತರೆ ನನಗೆ ಹಸಿವೆಯ ಪರಿವೆಯೂ ಇರುತ್ತಿರಲಿಲ್ಲ.

ಮದುವೆಯ ಕವರು ಮಾಡಿದವನು ಅಫಜಲಪುರದ ವಿಡಿಯೋದವನು. ದಪ್ಪ ರಟ್ಟಿನ ಡಬ್ಬಿ, ಅದರ ಮೇಲೆ ಹೊಳೆಯುವ ಕಾಗದ. ಕೆಂಪು ಹೃದಯದೊಳಗೆ ಅಕ್ಕ ಮತ್ತು ಭಾವ. ಹಿಂದೆ ಹಿಮದ ಬೆಟ್ಟ, ಕೆರೆ, ಜೋಡಿ ಹಂಸ. ಮದುವೆ ನಡೆದದ್ದು ನಮ್ಮ ಅಂಗಳದಲ್ಲಿ, ಉರಿಬಿಸಿಲಿನಲ್ಲಿ. ಕೆರೆ ಹಾಗಿರಲಿ, ಉಂಡವರ ಕೈ ತೊಳೆಯುವ ನೀರಿಗೂ ತತ್ವಾರವಾಗಿತ್ತು. ಭಾವನ ಮೀಸೆ ತೆಳ್ಳಗಾಯಿತೆಂದು ವಿಡಿಯೋದವನೇ ಕರಿ ಶಾಯಿಯಲ್ಲಿ ದಪ್ಪ ಮಾಡಿದ್ದ. ಅಕ್ಕ ಅದನ್ನು ಹೇಳಿ ಹೇಳಿ ಗಂಡನನ್ನು ಗೋಳು ಹೊಯ್ದುಕೊಂಡಳು. ಡಬ್ಬಿಯ ಹಿಂಬದಿಗೆ ಕಾಕಾ, ಮಾವ, ಅತ್ತೆಯರೆಲ್ಲ ಸಾಲಾಗಿ ನಿಂತಿದ್ದರು. ಅವ್ವ ಮಾತ್ರ ಎಲ್ಲೂ ಇರಲಿಲ್ಲ.

ಅಪ್ಪ ತೀರಿಕೊಂಡು ಆಗ ಬಹಳ ದಿನವಾಗಿರಲಿಲ್ಲ. ದಿನಾ ಶರಣರ ಹೆಸರು ಹೇಳುವ ಮನೆತನ ನಮ್ಮದು. ಆದರೂ ಅವ್ವ ಹಂದರದ ಹತ್ತಿರ ಸುಳಿಯಲಿಲ್ಲ, ಬಾ ಎಂದು ಯಾರೂ ಕರೆಯಲೂ ಇಲ್ಲ. ಹಿತ್ತಲಲ್ಲಿ ಹೋಳಿಗೆ ಬೇಯಿಸುವವರ ನಡುವೆ ಇದ್ದಳು. ವಿಡಿಯೋದವನು ಒಂದು ಗಳಿಗೆ ಅಲ್ಲಿಗೂ ಹೋಗಿದ್ದ. ಅವ್ವ ಸೆರಗು ಅಡ್ಡ ಹಿಡಿದು ಅವನಿಗೆ, “ನನ್ನೇನ್ ತೆಗೀತಿ ತಮ್ಮಾ, ಅಲ್ಲಿ ಮದಿಮಗಳದ್ದು ತೆಗಿ ಹೋಗು” ಅಂದದ್ದು ಟೇಪಿನಲ್ಲಿ ಉಳಿಯಿತು. ಮೊಬೈಲುಗಳು ಬರುವ ಮೊದಲೇ ಅವ್ವ ಹೋದಳು. ಅವಳ ದನಿ ಈ ಭೂಮಿಯ ಮೇಲೆ ಇದ್ದದ್ದು ಅದೊಂದೇ ಕಡೆ.

ನಾಲ್ಕು ವರ್ಷದ ಹಿಂದೆ ಜೇವರ್ಗಿಯಲ್ಲಿ ಮನೆ ಕಟ್ಟಿಸಿದಾಗ ನನಗೆ ಹಳೆಯದರ ಹುಚ್ಚು ಹತ್ತಿತು. ಊರ ಮನೆಗೆ ಹೋಗಿ ಕ್ಯಾಸೆಟ್ಟುಗಳನ್ನು ಕೆಳಗಿಳಿಸಿ, ಬ್ಲೇಡಿನಿಂದ ಡಬ್ಬಿಗಳ ಅಂಚು ಕೊಯ್ದು ಬಿಡಿಸಿದೆ. ಹುಡುಗನಷ್ಟೇ ಖುಷಿಯಾಗಿದ್ದೆ, ಸುಳ್ಳೇಕೆ ಹೇಳಲಿ. ಬರಿಮೈ ಕ್ಯಾಸೆಟ್ಟುಗಳನ್ನು ತೊಗರಿ ಚೀಲಗಳ ಕೋಣೆಯಲ್ಲಿ ಅವು ಮೊದಲಿದ್ದ ಹಲಗೆಯ ಮೇಲೆಯೇ ಇಟ್ಟು ಬಂದೆ. ಒಂದಕ್ಕೆ ಮಾತ್ರ ಡಬ್ಬಿ ಬಿಟ್ಟಿದ್ದೆ. ಅದರ ಚಿತ್ರವನ್ನು ಇಲಿ ಅರ್ಧ ತಿಂದಿತ್ತು.

ಈ ವರ್ಷ ಮಳೆಗಾಲ ಮುಗಿದ ಮೇಲೆ ಯಡ್ರಾಮಿಯಿಂದ ಅಕ್ಕ ಫೋನು ಮಾಡಿದಳು. ಕಲಬುರಗಿಯಲ್ಲಿ ಒಬ್ಬರು ಹಳೆಯ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತಾರಂತೆ, ಒಯ್ದು ಕೊಡು ಅಂದಳು. ಮದುವೆ ನೋಡುವ ಆಸೆಯೇನೂ ಅವಳಿಗಿರಲಿಲ್ಲ. “ಅವ್ವನ ದನಿ ಒಮ್ಮಿ ಕೇಳಬೇಕನಸ್ತದೋ” ಅಂದಳು.

ಕಲಬುರಗಿಯ ಅಂಗಡಿಯವನು ಮದುವೆಯ ಕ್ಯಾಸೆಟ್ಟು ಬಿಚ್ಚಿದ. ಒಳಗೆ ತೊಗರಿಯ ಹೊಟ್ಟು, ಧೂಳು, ಟೇಪಿನ ತುಂಬ ಬಿಳಿ ಬೂಸಲು. ಸುತ್ತು ಸುತ್ತಿಗೆ ಅಂಟಿಕೊಂಡಿದ್ದ ಟೇಪು ಮೆಲ್ಲಗೆ ಎಳೆದರೂ ತುಂಡಾಯಿತು. ಇದಕ್ಕೆ ಕವರು ಇರಲಿಲ್ಲವೇನ್ರಿ ಎಂದು ಕೇಳಿದ. ಇರಲಿಲ್ಲ ಅಂದೆ. ಜೊತೆಗೆ ಒಯ್ದಿದ್ದ ಇಲಿ ತಿಂದ ಡಬ್ಬಿಯ ಸಿನಿಮಾ ಸೊಗಸಾಗಿ ಓಡಿತು. ಯಾವನೋ ಖಳನಾಯಕ ಅಂಗಡಿ ತುಂಬ ನಕ್ಕ. ಅಲ್ಲಿ ನಿಲ್ಲಲಾಗದೆ ಹೊರಗೆ ಬಂದೆ.

ಹಳೆಯದಾಗಿತ್ತು, ಹಾಳಾಗಿದೆ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಹೋಗಲಿ ಬಿಡು, ನೀನಾದರೂ ಏನು ಮಾಡುತ್ತೀ ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಆ ಸಮಾಧಾನವನ್ನು ನಾಚಿಕೆಯಿಲ್ಲದೆ ತೆಗೆದುಕೊಂಡೆ.

ಹೋದ ವಾರ ಮನೆಗೆ ಬಂದವಳು ಗೋಡೆಯ ಮುಂದೆ ನಿಂತಳು. ಭಾವನ ಮೀಸೆ ನೋಡಿ ನಕ್ಕಳು. ಗಾಜಿನ ಮೇಲೆ ಬೆರಳಾಡಿಸಿ, ಇದನ್ನಾದರೂ ಇಷ್ಟು ಜೋಪಾನವಾಗಿ ಇಟ್ಟಿದ್ದೀಯಲ್ಲ, ನಾನಾಗಿದ್ದರೆ ಎಲ್ಲೋ ಒಗೆದಿರುತ್ತಿದ್ದೆ ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ, ಆ ಹೊಗಳಿಕೆಯನ್ನು ತಡೆಯಲಾಗಲಿಲ್ಲ. ಬ್ಲೇಡು, ಹಲಗೆ, ಅಂಗಡಿಯವನ ಪ್ರಶ್ನೆ, ಎಲ್ಲವನ್ನೂ ಹೇಳಿಬಿಟ್ಟೆ.

ಅಕ್ಕ ಕೂತಳು. ಅವಳು ಸಿಟ್ಟಿನವಳು, ಕೈಗೆ ಸಿಕ್ಕಿದ್ದನ್ನು ಎಸೆಯಬಹುದು ಅಂದುಕೊಂಡೆ. ಎಸೆಯಲಿ ಅಂತಲೂ ಅನ್ನಿಸಿತು. ಆದರೆ ಅವಳು, ಅವ್ವ ವಿಡಿಯೋದವನಿಗೆ ಹೇಳಿದ್ದನ್ನು ಅವ್ವನ ಹಾಗೆಯೇ ಒಮ್ಮೆ ಹೇಳಿ ತೋರಿಸು ಅಂದಳು. ಹೇಳಿದೆ. ಶಬ್ದಗಳು ಒಂದೂ ತಪ್ಪಲಿಲ್ಲ, ದನಿ ನನ್ನದೇ ಬಂತು.

“ಹಂಗಲ್ಲ” ಅಂದಳು. ಹೇಗೆಂದು ತೋರಿಸಲು ಸೆರಗು ಅಡ್ಡ ಹಿಡಿದು ಬಾಯಿ ತೆರೆದಳು. ಒಂದು ಶಬ್ದ ಅಂದು ನಿಂತಳು. ಮತ್ತೆ ಮೊದಲಿನಿಂದ ಅಂದಳು, ಮತ್ತೆ ನಿಂತಳು. ನಂತರ ಸೆರಗು ಬಿಟ್ಟು ನನ್ನ ಮುಖ ನೋಡಿದಳು.

“ನನಗೂ ಬರವಲ್ದೋ.”