ಸಂಘದವರ ಓಣಿಗೆ ನೀರು ಕಡೀಕ

“ಕಾಕಾ, ನಿಮ್ಮ ಮಾಲಕರ ನಂಬರ್ ಕೊಡ್ರಿ. ನಾ ಅವರ ಕೂಡನ ಮಾತಾಡ್ತೇನಿ,” ಎಂದು ನಡುರಸ್ತೆಯಲ್ಲಿ ರೇಗಿದೆ. ಎಂಟು ದಿನಗಳಿಂದ ರಾಯಾಪುರದ ನಮ್ಮ ಓಣಿಗೆ ನೀರು ಬಂದಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳಿ ಬಂದವಳು ಖಾಲಿ ಕೊಡಗಳನ್ನು ನೋಡಿ, ವಾಲ್ವ್ ತಿರುಗಿಸುವ ಮಕ್ತುಮಸಾಬರನ್ನು ಹುಡುಕಿಕೊಂಡು ಹೋಗಿದ್ದೆ.

ಅವರು ಉದ್ದನೆಯ ಕಬ್ಬಿಣದ ಕೀಲಿಗೆ ಒರಗಿ ನಿಂತರು. “ಮಾಲಕರು ಯಾರೂ ಇಲ್ರಿ ಅಕ್ಕಾರ. ವಾಲ್ವ್ ಬಿಡೋರ ಕೂಡಿ ಸಂಘ ಮಾಡ್ಕೊಂಡೇವಿ. ಈ ಕೆಲಸದ ಗುತ್ತಿಗಿ ಈಗ ನಮ್ಮದ. ಬೈಯೂದಿದ್ರ ನನಗ ಬೈರಿ.”

ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಹೆಂಡತಿಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು. ಹೆರಿಗೆಯಾಗಿ ಬಂದ ಮಗಳಿಗೆ ಎರೆಯಲು ಮನೆಯಲ್ಲಿ ನೀರಿರಲಿಲ್ಲ. “ಇನ್ನೂ ಎರಡು ಓಣಿ ಅದಾವ, ತಡಿ,” ಎಂದು ಅವರು ಫೋನ್ ಇಟ್ಟರು.

ಬಾಣಂತಿ ಇರುವ ಮನೆಗೆ ಮೊದಲು ನೀರು ಬಿಡಬಾರದೇ ಎಂದೆ.

“ಸಂಘದವರ ಓಣಿಗೆ ನೀರು ಕಡೀಕ ಅಂತ ನಾವ ಕೈ ಎತ್ತಿ ಠರಾವ್ ಮಾಡೇವ್ರಿ. ಇಲ್ಲಂದ್ರ ನಿಮಗ ಏನಂತ ಉತ್ರ ಕೊಡೂದು?” ಆ ಮಾತಿನಲ್ಲಿ ಹೆಮ್ಮೆಯಿರಲಿಲ್ಲ, ಬರೀ ದಣಿವಿತ್ತು. ನಮ್ಮ ಓಣಿಯ ವಾಲ್ವ್ ಬಿಗಿಯಾಗಿತ್ತು. ಕೀಲಿಯ ಹಿಡಿಕೆಯ ಇನ್ನೊಂದು ತುದಿ ಹಿಡಿದು ನಾನೂ ನೂಕಿದೆ. ನೀರು ಬಂದ ಮೇಲೆ ಮೊದಲ ಎರಡು ಕೊಡಗಳನ್ನು ಅವರ ಮನೆಗೆ ಮುಟ್ಟಿಸಿದೆ.

ಈಗಲೂ ನೀರು ಬರುವುದು ಎಂಟನೇ ದಿನಕ್ಕೇ. ಈಗಲೂ ಸಿಟ್ಟು ಬರುತ್ತದೆ, ಆದರೆ ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯುವುದಿಲ್ಲ.