ಇಂಗ್ಲೆಂಡಿನ ರಾಜರನ್ನು ಬಗಲಲ್ಲಿಟ್ಟುಕೊಂಡು ಸಾರವಾಡಕ್ಕೆ

ಫೆಬ್ರುವರಿ ಕೊನೆಯ ವಾರ, ಬೆಳಿಗ್ಗೆ ಏಳೂವರೆಗೆ ಗೋಳಗುಮ್ಮಟದ ಹಿಂದಿನ ನಮ್ಮ ಓಣಿಯಿಂದ ಹೊರಟೆ. ಬಗಲಲ್ಲಿ ಇಂಗ್ಲೆಂಡಿನ ಒಂದು ರಾಜಮನೆತನ ಸುರುಳಿ ಸುತ್ತಿಕೊಂಡಿತ್ತು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು. ನಿವೃತ್ತಳಾದ ಮೇಲೆ ಸುಮ್ಮನೆ ಕೂರಲಾಗದೆ, ಪ್ಲಾಂಟಾಜೆನೆಟ್ ಎಂಬ ಆ ಹಳೆಯ ಮನೆತನದ ಮೇಲೆ ಕನ್ನಡದಲ್ಲಿ ಸಣ್ಣ ಪುಸ್ತಕವೊಂದನ್ನು ಬರೆದೆ. ಅಚ್ಚಾದ ಪ್ರತಿಗಳಲ್ಲಿ ಮುಕ್ಕಾಲು ಪಾಲು ಈಗಲೂ ಮಂಚದ ಕೆಳಗಿವೆ. ಕಸ ಗುಡಿಸುವಾಗಲೆಲ್ಲ ಈ ರಾಜರನ್ನು ಸರಿಸಿ ಸರಿಸಿ ಸಾಕಾಯಿತೆಂದು ಯಜಮಾನರು ಗೊಣಗುತ್ತಾರೆ. ಆ ಪುಸ್ತಕಕ್ಕಾಗಿ ದೊಡ್ಡ ಹಾಳೆಯ ಮೇಲೆ ಬರೆದ ವಂಶಾವಳಿಯೇ ಆವತ್ತು ನನ್ನ ಬಗಲಲ್ಲಿದ್ದದ್ದು.

ಹೊರಟದ್ದಕ್ಕೆ ಕಾರಣ ಹೆಳವ. ನಮ್ಮ ಕಡೆ ಒಕ್ಕಲುತನದ ಮನೆಗಳಿಗೆ ಒಬ್ಬೊಬ್ಬ ಹೆಳವ ಇರುತ್ತಾನೆ. ಏಳೆಂಟು ವರ್ಷಕ್ಕೊಮ್ಮೆ, ಸುಗ್ಗಿಯ ಹೊತ್ತಿಗೆ ಬರುತ್ತಾನೆ. ಮೂಲಪುರುಷನಿಂದ ಹಿಡಿದು ಮನೆತನವನ್ನೆಲ್ಲ ಬಾಯಲ್ಲಿ ಹೇಳುತ್ತಾನೆ. ಕಳೆದ ಸಲ ಬಂದು ಹೋದ ಮೇಲೆ ಸೇರಬೇಕಾದ ಹೆಸರುಗಳನ್ನು ತನ್ನ ಹೊತ್ತಿಗೆಯಲ್ಲಿ ಹಚ್ಚಿಕೊಂಡು, ಜೋಳ, ಬಟ್ಟೆ ಪಡೆದು ಮುಂದಿನ ಊರಿಗೆ ಹೋಗುತ್ತಾನೆ. ಅವನು ಹಚ್ಚುವುದು ಗಂಡುಮಕ್ಕಳ ಹೆಸರು ಮಾತ್ರ.

ನನ್ನ ತಮ್ಮ ಶಿವಾನಂದ ತೀರಿಕೊಂಡು ಎರಡು ವರ್ಷವಾಗಿತ್ತು. ಅವನಿಗೆ ಒಬ್ಬಳೇ ಮಗಳು, ಭಾಗ್ಯಶ್ರೀ. ಅವನನ್ನು ಮಣ್ಣು ಮಾಡಿದ ದಿನ ನಮ್ಮ ಸಾರವಾಡದ ಕಾಕಾ, ಅಂದರೆ ಅಪ್ಪನ ತಮ್ಮ, ಆ ಹುಡುಗಿಯ ಎದುರಿಗೇ ಈ ಕವಲು ಇಲ್ಲಿಗೆ ಮುಗಿಯಿತು ಎಂದುಬಿಟ್ಟಿದ್ದ. ದುಃಖದಲ್ಲಿ ಆಡಿದ ಮಾತು, ನಿಜ. ಆದರೂ ನನಗೆ ಮೈಯೆಲ್ಲ ಉರಿದಿತ್ತು. ಹೊರಡುವ ಹಿಂದಿನ ದಿನ ಅದೇ ಕಾಕಾ ಫೋನ್ ಮಾಡಿ, ಹೆಳವ ಬಂದು ನಮ್ಮ ಗುರವ್ವನ ಹೊಲದಲ್ಲಿ ಇಳಿದಿದ್ದಾನೆ, ನಾಳೆ ಸಂಜೆ ಹೋಗುತ್ತಾನೆ, ಬರುವುದಿದ್ದರೆ ಬಾ ಎಂದಿದ್ದ. ಮನೆಯ ಹಿರಿಯ ಹೂಂ ಅಂದರೆ ಹೆಳವ ಯಾರ ಹೆಸರನ್ನಾದರೂ ಹಚ್ಚಿಯಾನು. ಕಾಕಾನಿಗೆ ಎಂಬತ್ತು. ಹೆಳವ ಮತ್ತೆ ಬರುವುದು ಇನ್ನು ಏಳೆಂಟು ವರ್ಷಕ್ಕೆ. ಭಾಗ್ಯಶ್ರೀಯ ಹೆಸರು ಸೇರಿದರೆ ಇದೇ ಸಲ ಸೇರಬೇಕು, ಇಲ್ಲದಿದ್ದರೆ ಇಲ್ಲ.

ತಿಕೋಟಾ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಹೆಣ್ಣುಮಕ್ಕಳ ಶೂನ್ಯ ಟಿಕೆಟ್ ಪಡೆದೆ. ಬಸ್ಸಿನ ತುಂಬ ನಮ್ಮದೇ ರಾಜ್ಯ, ಗಂಡಸರು ನಿಂತಿದ್ದರು. ಕಂಡಕ್ಟರು ನನ್ನ ಸುರುಳಿ ನೋಡಿ ಹೊಲದ ನಕಾಶೆಯೇ ಎಂದು ಕೇಳಿದ. ಇಂಗ್ಲೆಂಡಿನ ರಾಜರು ಎಂದೆ. ಹಾಗಾದರೆ ಅವರು ಗಂಡಸರು, ಅವರಿಗೆ ಟಿಕೆಟ್ ಹತ್ತುತ್ತದೆ ಎಂದು ನಕ್ಕು ಮುಂದೆ ಹೋದ. ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿ. ಎರಡೂ ಕಡೆ ಬಿಳಿಜೋಳ ಕೊಯ್ಲಿಗೆ ಬಂದಿತ್ತು. ಎಂಟೂವರೆಗೇ ಬಿಸಿಲು ಚುರುಗುಟ್ಟುತ್ತಿತ್ತು.

ತಿಕೋಟಾದ ತೋಟವನ್ನು ತಮ್ಮ ಕೊಂಡದ್ದು, ಈಗ ನಡೆಸುತ್ತಿರುವುದು ಭಾಗ್ಯಶ್ರೀ. ಇಪ್ಪತ್ತೆರಡರ ಹುಡುಗಿ, ತಲೆಗೆ ಟವೆಲ್ ಸುತ್ತಿಕೊಂಡು ಕೂಲಿಯವರ ಜೊತೆ ಶೆಡ್ಡಿನ ಬಲೆಗಳ ಮೇಲೆ ದ್ರಾಕ್ಷಿ ಹರವುತ್ತಿದ್ದಳು. ಹದಿನೈದು ದಿನದಲ್ಲಿ ಅವು ಒಣದ್ರಾಕ್ಷಿಯಾಗುತ್ತವೆ. ಕೆಳಗಿನ ಸಾಲಿನಲ್ಲಿ ಆಗಲೇ ಒಣಗಿದ್ದ ಹಿಡಿಯಷ್ಟು ದ್ರಾಕ್ಷಿಯನ್ನು ನನ್ನ ಕೈಗೆ ಸುರಿದಳು. ತಂದೆಯ ಕಾಲಕ್ಕಿಂತ ಬಣ್ಣ ಹೆಚ್ಚೇ ಚೆನ್ನಾಗಿತ್ತು, ಹಾಗೆಂದು ಬಾಯಿಬಿಟ್ಟು ಹೇಳಿದೆ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು ಬಡಿಸಿದಳು. ಮೂರನೇ ರೊಟ್ಟಿ ಮುರಿಯುತ್ತ ನಾನು ಹೆಳವನ ಮಾತು ತೆಗೆದೆ.

ಅವಳು ಮೊಸರಿನ ಗಡಿಗೆಯನ್ನು ನನ್ನ ಕಡೆ ಸರಿಸಿದಳು. "ನಂಗ ಅವರ ಹೊಲ ಬ್ಯಾಡ, ಮನಿ ಬ್ಯಾಡ ಅತ್ತಿ," ಎಂದಳು. "ಅಪ್ಪನ ಹೆಸರಿನ ಕೆಳಗ ಖಾಲಿ ಬಿಡಬಾರ್ದು, ಅಷ್ಟ."

ಮುರಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟೆ. ಕೈ ತೊಳೆದುಕೊಂಡು ಅವಳ ಸ್ಕೂಟರಿನ ಹಿಂದೆ ಕುಳಿತೆ.

ಬಬಲೇಶ್ವರದವರೆಗೆ ಗಾಳಿಗೆ ಸುರುಳಿ ಹಾರದಂತೆ ಹಿಡಿದುಕೊಳ್ಳುವುದೇ ಒಂದು ಕೆಲಸವಾಯಿತು. ಅಲ್ಲಿ ಚಹಾ ಕುಡಿದು, ಹೆಳವನಿಗೆ ಒಂದು ಧೋತರ, ಒಂದು ಶಾಲು ಕೊಂಡೆವು. ಅಂಗಡಿಯ ಮುಂದೆ ನಿಂತು ಭಾಗ್ಯಶ್ರೀಗೆ ನನ್ನ ಉಪಾಯ ಹೇಳಿದೆ. ಕಾಕಾನ ಮುಂದೆ ಹಾಳೆ ಬಿಚ್ಚಿ, ದೊಡ್ಡ ದೊಡ್ಡ ರಾಜರ ಮನೆತನವೇ ಹೆಣ್ಣಿನಿಂದ ಬೆಳೆದದ್ದನ್ನು ತೋರಿಸಿದರೆ ಅವನು ಒಪ್ಪಲೇಬೇಕು ಎಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ನಿಮ್ಮ ಪಾಠಕ್ಕೆ ನಮ್ಮ ಮುತ್ಯಾ, ಅಂದರೆ ಅವಳಿಗೆ ಅಜ್ಜನಾಗುವ ಕಾಕಾ, ತೂಕಡಿಸದಿದ್ದರೆ ಸಾಕು ಎಂದಳು.

ಗುರವ್ವನ ಹೊಲ ಎಂದೇ ಹಿಂದಿನಿಂದ ಕರೆಯುವ ನಮ್ಮ ಮನೆತನದ ಹೊಲ ಸಾರವಾಡದ ರಸ್ತೆಗೆ ಹತ್ತಿಕೊಂಡೇ ಇದೆ. ನಾವು ತಲುಪಿದಾಗ ಹನ್ನೆರಡು ದಾಟಿತ್ತು. ಬೇವಿನ ಮರದ ಕೆಳಗೆ ಕಾಕಾ ಕಂಬಳಿಯ ಮೇಲೆ ಕುಳಿತಿದ್ದ. ಪಕ್ಕದಲ್ಲಿ ಐವತ್ತರ ಸುಮಾರಿನ ಹೆಳವ, ಹೆಸರು ನಿಂಗಪ್ಪ. ಅವನಪ್ಪ ಎತ್ತಿನ ಮೇಲೆ ಬರುತ್ತಿದ್ದದ್ದು ನನಗೆ ನೆನಪಿದೆ. ಮಗ ಸಣ್ಣ ಟೆಂಪೋದಲ್ಲಿ ಬಂದಿದ್ದ. ಆ ಎತ್ತಿನ ಗಂಟೆಯನ್ನು ಮಾತ್ರ ಬಿಡದೆ ಟೆಂಪೋದ ಮುಂದೆ ಕಟ್ಟಿದ್ದ. ಕಾಕಾನ ಗಂಡು ಮೊಮ್ಮಕ್ಕಳ ಹೆಸರೆಲ್ಲ ಬೆಳಿಗ್ಗೆಯೇ ಹೊತ್ತಿಗೆಗೆ ಸೇರಿಯಾಗಿತ್ತು.

ಮಜ್ಜಿಗೆ ಕುಡಿದವಳೇ ಹಾಳೆ ಬಿಚ್ಚಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು ಪಾಠ ಸುರು ಮಾಡಿದೆ. ಇಂಗ್ಲೆಂಡಿನ ಒಬ್ಬ ರಾಜನ ಮಗ ಹಡಗು ಮುಳುಗಿ ಸತ್ತ. ಉಳಿದವಳು ಮಗಳು. ತನ್ನ ನಂತರ ಅವಳೇ ರಾಣಿ ಎಂದು ರಾಜ ಸರದಾರರಿಂದ ಆಣೆ ಮಾಡಿಸಿದ. ಅವನು ಕಣ್ಣು ಮುಚ್ಚಿದ್ದೇ ತಡ, ಅವಳ ಸೋದರತ್ತೆಯ ಮಗ ಬಂದು ಕಿರೀಟ ಇಟ್ಟುಕೊಂಡ. ಆಣೆ ಮಾಡಿದವರಲ್ಲಿ ಹೆಚ್ಚಿನವರು ಅವನ ಕಡೆಗೆ ಹೋದರು. ಹೆಚ್ಚುಕಡಿಮೆ ಇಪ್ಪತ್ತು ವರ್ಷ ಕಾದಾಟ ನಡೆಯಿತು. ಕಡೆಗೆ ಅವಳ ಮಗನೇ ರಾಜನಾದ. ಅವನಿಂದ ಬೆಳೆದ ಮನೆತನ ಮುನ್ನೂರು ವರ್ಷಕ್ಕೂ ಹೆಚ್ಚು ಆಳಿತು. ಅವಳ ಗಂಡ ಟೋಪಿಗೆ ಹಳದಿ ಹೂವೊಂದನ್ನು ಸಿಕ್ಕಿಸಿಕೊಳ್ಳುತ್ತಿದ್ದನಂತೆ, ಆ ಹೂವಿನ ಗಿಡದ ಹೆಸರೇ ಮನೆತನಕ್ಕೆ ಬಂತು.

ನಿಂಗಪ್ಪ ಹಾಳೆಯ ಮೇಲೆ ಬಗ್ಗಿ ಪ್ರತಿಯೊಂದು ಗೆರೆಯನ್ನೂ ಬೆರಳಿನಿಂದ ಹಿಂಬಾಲಿಸಿದ. ಅವನೊಬ್ಬನೇ ಸರಿಯಾದ ಪ್ರಶ್ನೆ ಕೇಳಿದವನು. "ಈ ಮನೀಗೆ ಹೆಳವರು ಯಾರಿದ್ರು ಅಕ್ಕೋರ?" ಅವರ ಮಠಗಳ ಸನ್ಯಾಸಿಗಳು ಬರೆದಿಟ್ಟರು ಎಂದೆ. ಸನ್ಯಾಸಿಗಳಿಗೆ ಸಂಸಾರಸ್ಥರ ಉಸಾಬರಿ ಯಾಕೆ ಬೇಕಿತ್ತು ಎಂದು ಅವನು ತಲೆ ಅಲ್ಲಾಡಿಸಿದ.

ಕಾಕಾ ತೂಕಡಿಸಿರಲಿಲ್ಲ, ಎಲ್ಲ ಕೇಳಿದ್ದ. "ಇಂಗ್ಲೆಂಡಿನ ಮಾತು ಇಂಗ್ಲೆಂಡಿನಾಗ ಇರ್ಲಿ ತಂಗಿ," ಎಂದ. "ನಾಳೆ ಇಕಿ ಮದುವಿ ಆಗಿ ಹೋಗ್ತಾಳ. ಇಕೀ ಮಕ್ಕಳ ಹೆಸರು ಆ ಮನೀ ಹೆಳವ ಹಚ್ಚತಾನ. ಒಂದ ಬಳ್ಳಿ ಎರಡು ಚಪ್ಪರಕ್ಕ ಹಬ್ಬತೈತೇನು?"

"ದ್ರಾಕ್ಷಿ ಬಳ್ಳಿ ಹಬ್ಬತೈತ್ರಿ ಮುತ್ಯಾ," ಎಂದಳು ಭಾಗ್ಯಶ್ರೀ. ನಿಂಗಪ್ಪ ನಕ್ಕ, ಕಾಕಾ ನಗಲಿಲ್ಲ. ನಾನು ನಿಂಗಪ್ಪನ ಕಡೆ ತಿರುಗಿ, ನೀನಾದರೂ ಹೇಳು ಎಂದೆ. ಮನೆಯ ಹಿರಿಯರು ಹೂಂ ಅನ್ನಬೇಕು, ತನ್ನ ಕೈಯಲ್ಲಿರುವುದು ಪೆನ್ನು ಮಾತ್ರ ಎಂದ. ಮೂವತ್ತು ವರ್ಷದ ಪಾಠವೆಲ್ಲ ನೀರಲ್ಲಿ ಹೋಮ ಮಾಡಿದಂತಾಯಿತು. ಸಿಟ್ಟಿಗೆ ಹಾಳೆ ಸುತ್ತತೊಡಗಿದೆ.

ಆಗ ನಿಂಗಪ್ಪ, ಊರು ಬಿಡುವ ಮೊದಲು ಒಮ್ಮೆ ಪೂರ್ತಿ ಹೇಳುವ ಪದ್ಧತಿ ಇದೆ, ಕೇಳಿ ಹೋಗಿರಿ ಎಂದ. ಟೆಂಪೋದ ಗಂಟೆ ಬಿಚ್ಚಿ ತಂದು ಬಾರಿಸಿ, ಕಣ್ಣು ಮುಚ್ಚಿ ಸುರು ಮಾಡಿದ. ಹೊತ್ತಿಗೆ ತೊಡೆಯ ಮೇಲಿತ್ತು, ಅದನ್ನು ಅವನು ನೋಡಲೇ ಇಲ್ಲ. ಚಿಕ್ಕವಳಿದ್ದಾಗ ಇದೇ ಮರದ ಕೆಳಗೆ ಅವನಪ್ಪನ ಬಾಯಿಂದ ಇದನ್ನು ಕೇಳುತ್ತ ಅವ್ವನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಈ ಸಲ ಎಚ್ಚರವಿದ್ದೆ.

"ಸಂಗಪ್ಪನ ಮಗ ಈರಪ್ಪ. ಈರಪ್ಪಗ ಗಂಡು ಸಂತಾನ ಇಲ್ಲ, ಒಬ್ಬಾಕಿ ಮಗಳು. ಕಾಖಂಡಕಿಯಿಂದ ಮನೀ ಅಳ್ಯಾನ್ನ ತಂದ್ರು. ಮಗಳ ಮಗ ಬಸಪ್ಪ ಮನೆತನ ಹಿಡದ. ಬಸಪ್ಪನ ಮಗ…"

ನಿಲ್ಲಿಸು ಎಂದೆ. ಹೆಳವನನ್ನು ನಡುವೆ ತಡೆಯಬಾರದು, ಆದರೂ ತಡೆದೆ. ಈರಪ್ಪನಿಗೆ ಒಬ್ಬಳೇ ಮಗಳು, ಅವಳ ಮಗನಿಂದ ಮುಂದಿನವರೆಲ್ಲ. ಅಂದರೆ ಕಾಕಾ, ನನ್ನ ಅಪ್ಪ, ನಾನು, ಎಲ್ಲರೂ. ಸಮುದ್ರದಾಚೆಯ ಹೆಣ್ಣುಮಗಳ ಕತೆಯನ್ನು ವರ್ಷ ವರ್ಷ ಹಲಗೆಯ ಮೇಲೆ ಬರೆದವಳಿಗೆ ನನ್ನ ಮನೆತನವನ್ನೇ ಉಳಿಸಿದ ಹೆಣ್ಣುಮಗಳು ಗೊತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನಂಥವಳನ್ನು ನೋಡಿಯೇ. ನಾಚಿಕೆಯಾಯಿತು. ಅವಳ ಹೆಸರೇನು ಎಂದು ಕೇಳಿದೆ.

ನಿಂಗಪ್ಪ ಈಗ ಹೊತ್ತಿಗೆ ಬಿಚ್ಚಿ ನೋಡಿದ. ಹಾಳೆಯಲ್ಲಿ 'ಮಗಳು' ಎಂದಷ್ಟೇ ಇತ್ತು.

ಕಾಕಾ ಹೊಲದ ಕಡೆ ತಿರುಗಿ ಕುಳಿತ. ಆಮೇಲೆ ನಿಧಾನವಾಗಿ ಹೇಳಿದ. "ಎಳ್ಳಮಾಸಿಗೆ ಈ ಹೊಲದ ಬೆಳೀಗೆ ಎಡಿ ಒಯ್ದು ಚರಗಾ ಚೆಲ್ಲುವಾಗ ನಮ್ಮಪ್ಪ ಮೊದಲನೇ ತುತ್ತು ಗುರವ್ವಗ ಅಂತ ಒಗೀತಿದ್ದ. ಈಗ ನಾನೂ ಒಗೀತೇನಿ. ಯಾರಕಿ ಅಂತ ಒಮ್ಮಿನೂ ಕೇಳಲಿಲ್ಲ. ಯಾವುದೋ ದೇವಿ ಇರಬೇಕು ಅಂತಿದ್ದೆ. ಹೊಲಕ್ಕ ಹೆಸರು ಕೊಟ್ಟಾಕಿ ಈ ಮಗಳ ಇರಬೇಕು."

ಹಾಗೆಂದವನೇ ನಿಂಗಪ್ಪನ ಹೊತ್ತಿಗೆಯ ಮೇಲೆ ಬೆರಳಿಟ್ಟ. "ಅಕೀದು ಬರಿ. ಗುರವ್ವ." ಬೆರಳನ್ನು ಕೊನೆಯ ಹಾಳೆಗೆ ಸರಿಸಿದ. "ಶಿವಾನಂದನ ಕೆಳಗ ಇಕೀದೂ ಬರಿ."

ನಿಂಗಪ್ಪ ಎರಡನ್ನೂ ಬರೆದ. ಹೊಸದಾಗಿ ಹಚ್ಚಿದ ಹೆಸರನ್ನು ಮೂಲದಿಂದ ಒಮ್ಮೆ ಕೂಗಿ ಹೇಳಬೇಕಂತೆ, ಮತ್ತೆ ಗಂಟೆ ಬಾರಿಸಿ ಹೇಳಿದ. ಈರಪ್ಪನ ಮಗಳು ಗುರವ್ವ ಎಂದಾಗ ಕಾಕಾ ಕೈ ಮುಗಿದ. ಶಿವಾನಂದನ ಮಗಳು ಭಾಗ್ಯಶ್ರೀ ಎಂದಾಗ ಹುಡುಗಿ ಟವೆಲಿನಿಂದ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಧೋತರ, ಶಾಲು, ಒಂದು ಚೀಲ ಜೋಳ ಟೆಂಪೋ ಏರಿದವು. ನಿಂಗಪ್ಪ ನನ್ನ ಹಾಳೆಯನ್ನೂ ಕೇಳಿದ. ಎಂದಾದರೂ ಆ ಮನೆಯವರು ಈ ಕಡೆ ಬಂದರೆ ಹೇಳಲಿಕ್ಕೆ ಬೇಕಾಗುತ್ತದೆ ಎಂದ. ಕೊಟ್ಟೆ.

ನಾಲ್ಕು ಗಂಟೆಯ ವಿಜಯಪುರದ ಬಸ್ಸಿಗೆ ಕೈ ಮಾಡಿ ಹತ್ತಿದೆ. ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೊರಳಿ ನೋಡಿದರೆ ಗುರವ್ವನ ಹೊಲದಲ್ಲಿ ಕಾಕಾ ಬಡಿಗೆ ಊರಿಕೊಂಡು ಬದುವಿನ ಮೇಲೆ ನಡೆಯುತ್ತಿದ್ದ, ಹಿಂದೆ ಭಾಗ್ಯಶ್ರೀ. ಮೂಲೆಗೆ ಬಂದು ನಿಂತು, ಬಡಿಗೆಯಿಂದ ಹುಲ್ಲು ಸರಿಸಿ, ಅವಳಿಗೆ ಗಡಿಯ ಬಾಂದುಗಲ್ಲು ತೋರಿಸಿದ. ನನ್ನ ತಮ್ಮನಿಗೆ ಹದಿನಾರು ತುಂಬಿದ ವರ್ಷ ಕಾಕಾ ಹೀಗೇ ಒಂದೊಂದೇ ಕಲ್ಲು ತೋರಿಸಿದ್ದ. ಬಸ್ಸು ತಿರುಗುವ ಹೊತ್ತಿಗೆ ಇಬ್ಬರೂ ಎರಡನೆಯ ಕಲ್ಲಿನ ಕಡೆ ಹೊರಟಿದ್ದರು.