ಒಳಗೆ ಬಿಟ್ಟ ಬಟ್ಟೆ

ನಮ್ಮ ಟೈಲರಕ್ಕ ಬಾಯಿಯ ಎಡ ಮೂಲೆಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು ಬಲ ಮೂಲೆಯಿಂದ ಮಾತಾಡುತ್ತಿದ್ದಳು. ಬೈಯುವುದಿದ್ದರೆ ಮಾತ್ರ ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಳ್ಳುವಳು. ಬೆಂಗಳೂರಿನ ಪಕ್ಕದ ವಿಜಯಪುರದ ಹತ್ತಿರದ ನಮ್ಮೂರಿನಲ್ಲಿ, ನಮ್ಮ ಮನೆಗೆ ಅಂಟಿಕೊಂಡಿದ್ದ ಬೀದಿಬದಿಯ ಕೋಣೆಯೇ ಅವಳ ಅಂಗಡಿ. ಯಾರ ಬಟ್ಟೆ ಹೊಲಿದರೂ ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಬಿಡುವಳು. "ಮೈ ಯಾವಾಗ್ಲೂ ಒಂದೇ ತರ ಇರ್ತದಾ? ಬಿಚ್ಚಕ್ಕೆ ಜಾಗ ಇರ್ಬೇಕು" ಅನ್ನುವಳು.

ಪಿಯುಸಿಗೆ ಬಂದಾಗ ನಾನು ಊಟ ಬಿಡತೊಡಗಿದೆ. ಸೋಮವಾರ ಒಪ್ಪತ್ತು, ಗುರುವಾರ ಒಪ್ಪತ್ತು, ಶನಿವಾರ ಪೂರ್ತಿ ಉಪವಾಸ. ಆಮೇಲೆ ಉಳಿದ ವಾರಗಳಿಗೂ ಒಬ್ಬೊಬ್ಬ ದೇವರು ಸಿಕ್ಕಿದ. ಅಜ್ಜಿಗೆ ಹಿಗ್ಗೋ ಹಿಗ್ಗು. ಮೊಮ್ಮಗಳಿಗೆ ಈ ವಯಸ್ಸಿಗೇ ಎಂಥ ಭಕ್ತಿ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಭಕ್ತಿ ಎಲ್ಲಿ ಬಂತು! ತುತ್ತು ಕಂಡರೆ ನನಗೆ ಭಯ. ಅದನ್ನು ಯಾರಿಗೂ ಹೇಳುವ ಧೈರ್ಯವಿರಲಿಲ್ಲ.

ಚೂಡಿದಾರ ಟೈಟ್ ಮಾಡಿಸಲು ಮೊದಲ ಸಲ ಹೋದಾಗ ಅಕ್ಕ, "ಸಣ್ಣ ಆಗಿದೀಯ, ಚೆನ್ನಾಗ್ ಕಾಣ್ತೀಯ ಕಣೇ" ಅಂದಳು. ಆ ಮಾತಿಗಾಗಿ ಕೊನೆಯವರೆಗೂ ತನ್ನನ್ನು ತಾನೇ ಬೈದುಕೊಂಡಳು. ಎರಡನೆಯ ಸಲ ಸುಮ್ಮನೆ ಹೊಲಿದುಕೊಟ್ಟಳು. ಮೂರನೆಯ ಸಲ ನಾನು, "ಒಳಗಿನ ಬಟ್ಟೆ ಉಬ್ಬಿಕೊಂಡು ಕಾಣುತ್ತೆ, ಕತ್ತರಿಸಿಬಿಡಕ್ಕ" ಎಂದೆ. ಸೂಜಿಗಳು ಸೆರಗಿಗೆ ಹೋದವು.

"ಕತ್ರಿಸಲ್ಲ. ಎಲ್ಲಾ ವಾರಾನೂ ದೇವ್ರಿಗೆ ಕೊಟ್ಬಿಟ್ಟಿದೀಯಲ್ಲ, ನಿಂಗೆ ಅಂತ ಯಾವ ವಾರ ಇಟ್ಕೊಂಡಿದೀಯೇ?"

ನನಗೆ ಅಳು ಬಂತು. ಅವಳಿಗೂ ಬಂತು.

ಮಾರನೆಯ ದಿನ ಸರ್ಕಾರಿ ಆಸ್ಪತ್ರೆಯ ನರ್ಸಮ್ಮನನ್ನು ವಿಚಾರಿಸಿಕೊಂಡು ಬಂದು ಅಮ್ಮನ ಎದುರು ಕೂತಳು. "ಇದು ವ್ರತ ಅಲ್ಲಮ್ಮ, ಕಾಯಿಲೆ. ಬೆಂಗ್ಳೂರಲ್ಲಿ ಇದಕ್ಕೆ ಡಾಕ್ಟ್ರು ಅವ್ರೆ." ಅಜ್ಜಿ ಕೆಂಡವಾದಳು. ಅಮ್ಮ ಮಾತ್ರ ನನ್ನ ಮುಂಗೈ ಹಿಡಿದು ನೋಡಿ, ಹೂಂ ಅಂದಳು.

ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಊರಿಗೆ ಗೊತ್ತಾದರೆ ಹುಚ್ಚಿ ಎನ್ನುತ್ತಿದ್ದರು. ತಿಂಗಳಿಗೊಮ್ಮೆ ನಾನೂ ಅಕ್ಕನೂ ಬೆಂಗಳೂರಿನ ಬಸ್ಸು ಹತ್ತುವಾಗ ಕೇಳಿದವರಿಗೆಲ್ಲ, "ಲೈನಿಂಗ್ ಬಟ್ಟೆಗೆ, ಚಿಕ್ಕಪೇಟೆಗೆ" ಅನ್ನುವಳು. ಸುಳ್ಳು ನಿಜವಾಗಲೆಂದು ಬರುವಾಗ ಒಂದು ಗಂಟು ಬಟ್ಟೆ ಹೊತ್ತು ತರುವಳು. ಅಂಗಡಿಯ ಮೂಲೆಯಲ್ಲಿ ಲೈನಿಂಗ್ ಬಟ್ಟೆ ಸೂರು ಮುಟ್ಟುವಷ್ಟಾಯಿತು.

ಒಬ್ಬಳೇ ಉಣ್ಣಬಾರದೆಂದು ಡಾಕ್ಟರು ಹೇಳಿದ್ದರು. ಮಧ್ಯಾಹ್ನದ ಊಟ ಅವಳ ಅಂಗಡಿಯಲ್ಲೇ ಆಯಿತು. ತಿನ್ನು ಅಂತ ಅವಳು ಒಂದು ದಿನವೂ ಅನ್ನಲಿಲ್ಲ, ನನ್ನ ತಟ್ಟೆಯ ಕಡೆ ನೋಡಲೂ ಇಲ್ಲ. ತನ್ನದು ಮುಗಿದರೂ ಏಳುತ್ತಿರಲಿಲ್ಲ. ಕೈಗೆ ಮೆತ್ತಿದ ಮುದ್ದೆ ಒಣಗಿ ಬಿರಿಯುವವರೆಗೂ ಕೂತು, ಯಾರ ಸೊಸೆ ಎಂಥ ಕತ್ತಿನ ರವಿಕೆ ಹೊಲಿಸಿದಳೆಂದು ಹೇಳುವಳು. ಬಾಗಿಲಿಗೆ ಬಂದ ಗಿರಾಕಿಗೆ, "ಊಟಕ್ ಕೂತಿದೀವಿ ಕಣಮ್ಮ, ಆಮೇಲ್ ಬಾ." ಎರಡು ವರ್ಷದ ಮೇಲೆ ಆ ಚೂಡಿದಾರದ ಹೊಲಿಗೆಯನ್ನು ಅವಳೇ ಬಿಚ್ಚಿ ದೊಡ್ಡದು ಮಾಡಿಕೊಟ್ಟಳು.

ಮದುವೆಯಾಗಿ ಹೊಸಕೋಟೆಗೆ ಬಂದೆ. ಹೆರಿಗೆಯಾದ ಮೇಲೆ ಹಳೆಯ ಭಯ ಮತ್ತೆ ಹಿಡಿಯಿತು. ಗಂಡನಿಗೂ ಹೇಳಲಿಲ್ಲ. ಅದೇ ಹೊತ್ತಿಗೆ ಅಕ್ಕ ಕಿಡ್ನಿ ಕೆಟ್ಟು ಹಾಸಿಗೆ ಹಿಡಿದಳು. "ಒಂದ್ಸಲ ಬಂದೋಗೇ ಮಗಾ, ನೋಡ್ಬೇಕು" ಎಂದು ಫೋನಿನಲ್ಲಿ ಕರೆಯುವಳು. "ಈ ಭಾನುವಾರ ಬರ್ತೀನಕ್ಕ" ಎನ್ನುವೆ. ಹೋಗಲಿಲ್ಲ. ನನ್ನ ಮೈ ನೋಡಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ, ಸಾಯುವ ಕಾಲಕ್ಕೆ ಅವಳಿಗೆ ಆ ಸಂಕಟ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಸಿಕ್ಕಿಬೀಳುವ ಹೆದರಿಕೆ ನನ್ನದು. ನಾಲ್ಕು ಭಾನುವಾರ ಹಾಗೇ ಕಳೆದವು. ಐದನೆಯದು ಬರುವ ಮೊದಲೇ ಅಕ್ಕ ಹೋಗಿಬಿಟ್ಟಳು.

ಮಣ್ಣು ಮುಗಿಸಿಕೊಂಡು ಬಂದ ವಾರವೇ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಹೊರಟೆ. ಎಲ್ಲಿಗೆ ಎಂದು ಅತ್ತೆ ಕೇಳಿದರು.

"ಡಾಕ್ಟ್ರ ಹತ್ರ. ನಂಗೆ ಊಟ ಮಾಡಕ್ಕಾಗ್ತಿಲ್ಲ" ಎಂದೆ.

ಆ ಮಾತನ್ನು ನಾನು ಅಕ್ಕನಿಗೆ ಹೇಳಬೇಕಾಗಿತ್ತು.